ಮುಂದಿನ ಸೀಟು ಮುಚ್ಚಿದ್ದ ವಿಮಾನ

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. ಹುಲ್ಲಿನ ಗುಡ್ಡ, ಅದರ ಮುಂದೆ ಒಂದರ ಮೇಲೊಂದು ಜೋಡಿ ರೆಕ್ಕೆಯ ಪುಟ್ಟ ವಿಮಾನ. ಎರಡು ಸೀಟು ಇರಬೇಕಾದ ಕಡೆ ಹಿಂದಿನದು ಮಾತ್ರ ತೆರೆದಿತ್ತು. ಮುಂದಿನದಕ್ಕೆ ಮುಚ್ಚಳ ಹಾಕಿತ್ತು. ಹೊಟ್ಟೆಯ ಕೆಳಗೆ ಏನೋ ತಗಡಿನ ಕೊಳವೆ.

ಬೆಳೆಗೆ ಔಷಧಿ ಹೊಡೆಯುವ ಜೋಡಿ ರೆಕ್ಕೆ ವಿಮಾನ ಅಂದರೆ ಅಮೆರಿಕದ ಸ್ಟಿಯರ್‌ಮನ್ ಅಂತ ಆಗ ನನ್ನ ತಲೆಯಲ್ಲಿ ಕೂತಿತ್ತು. ಹಾಗೇ ಬರೆದಿಟ್ಟೆ. ಆಮೇಲೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ರೆಕ್ಕೆ ಕಡೆ ನೋಡಲೇ ಇಲ್ಲ. "ಮೂತಿ ನೋಡಪ್ಪ ಮೊದಲು" ಅಂದರು.

ಸ್ಟಿಯರ್‌ಮನ್ ಮೂತಿ ದುಂಡಗೆ. ಸಿಲಿಂಡರ್‌ಗಳು ಚಕ್ರದ ಅರಗಳ ಹಾಗೆ ಸುತ್ತ ಹರಡಿಕೊಂಡಿರುತ್ತವೆ. ನನ್ನ ಫೋಟೊದಲ್ಲಿ ಮೂತಿ ಸಪೂರ, ಉದ್ದ. ಪ್ರೊಪೆಲ್ಲರ್ ಮಾತ್ರ ಮೂತಿಯ ಮೇಲಂಚಿನ ಹತ್ತಿರ. ಅಂದರೆ ಸಿಲಿಂಡರ್‌ಗಳು ತಲೆಕೆಳಗಾಗಿ ಸಾಲಾಗಿರುವ, ಜಿಪ್ಸಿ ಮೇಜರ್ ತರಹದ ಇಂಜಿನ್. 1931ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಟೈಗರ್ ಮಾತ್ ಇರಬಹುದು. ಆದರೆ ಬೆಲ್ಜಿಯಂನ ಸ್ಟಾಂಪ್ ಕೂಡ ಹೀಗೇ ಕಾಣುತ್ತದೆ, ಅಲ್ವಾ? ಇಲ್ಲಿ ರೆಕ್ಕೆಯ ಹಿಂದಿನ ಅಂಚು ನೋಡಬೇಕು. ವಿಮಾನ ಪಕ್ಕಕ್ಕೆ ವಾಲಲು ಅಲುಗಾಡುವ ಪಟ್ಟಿ, ಅಂದರೆ ಏಲೆರಾನ್, ಸ್ಟಾಂಪ್‌ಗೆ ನಾಲ್ಕೂ ರೆಕ್ಕೆಯಲ್ಲಿ ಇರುತ್ತದೆ. ಟೈಗರ್ ಮಾತ್‌ಗೆ ಕೆಳಗಿನ ಎರಡರಲ್ಲಿ ಮಾತ್ರ. ಭೂತಗನ್ನಡಿ ಹಿಡಿದು ನೋಡಿದೆ. ಮೇಲಿನ ರೆಕ್ಕೆಯ ಅಂಚು ಒಂದೇ ಸಮನೆ ಇತ್ತು. ಆ ಕ್ಷಣದ ಖುಷಿ ನನಗೆ ಇವತ್ತಿಗೂ ನೆನಪಿದೆ.

ಉಳಿದದ್ದನ್ನು ವಿಮಾನದ ಪಕ್ಕದಲ್ಲಿ ಬರೆದಿದ್ದ, ಯಾವ ದೇಶದ್ದು ಅಂತ ತೋರಿಸುವ ನೋಂದಣಿ ಅಕ್ಷರ ಹೇಳಿತು. ಮಸುಕಾಗಿ 'ಝಡ್‌ಕೆ' ಅಂತಿತ್ತು. ಭಾರತದ ವಿಮಾನವಾಗಿದ್ದರೆ 'ವಿಟಿ' ಇರಬೇಕಿತ್ತು. ಝಡ್‌ಕೆ ನ್ಯೂಜಿಲೆಂಡ್‌ನದು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಪೈಲಟ್‌ಗಳನ್ನು ತಯಾರು ಮಾಡಿದ್ದ ಟೈಗರ್ ಮಾತ್‌ನಂಥ ವಿಮಾನಗಳು ಬೇಕಾದಷ್ಟು ಮಿಕ್ಕವು, ಅಗ್ಗಕ್ಕೆ ಸಿಕ್ಕವು. ನಿಧಾನ ಹಾರುತ್ತವೆ, ಹುಲ್ಲುಗಾವಲಿನಲ್ಲೂ ಇಳಿಯುತ್ತವೆ. 1949ರಿಂದ ಅಲ್ಲಿ ಟೈಗರ್ ಮಾತ್‌ಗಳು ಗುಡ್ಡದ ಮೇವಿಗೆ ಸೂಪರ್ ಫಾಸ್ಫೇಟ್ ಗೊಬ್ಬರ ಎರಚಿದವು. ಒಂದು ಸೀಟಿನ ಜಾಗದಲ್ಲಿ ಗೊಬ್ಬರದ ಡಬ್ಬ ಬಂತು. ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುತ್ತೇವಲ್ಲ, ಅಂಥದ್ದೇ. ನನ್ನ ಫೋಟೊದ ಮುಚ್ಚಳ ಅದರದ್ದು.

ಆಮೇಲೆ ನಾನು ಗುರುತಿಸುವ ರೀತಿ ಬದಲಾಯಿತು. ಬಣ್ಣವನ್ನು ನಂಬುವುದಿಲ್ಲ, ಅದು ಮಾಲೀಕ ಬದಲಾದಾಗಲೆಲ್ಲ ಬದಲಾಗುತ್ತದೆ. ಮೂತಿಯನ್ನೂ ಪೂರ್ತಿ ನಂಬಬಾರದು. ಔಷಧಿ ಹೊಡೆಯಲು ಇಳಿದ ಎಷ್ಟೋ ಸ್ಟಿಯರ್‌ಮನ್‌ಗಳಿಗೆ 220 ಅಶ್ವಶಕ್ತಿಯ ಇಂಜಿನ್ ತೆಗೆದು 450ರದ್ದು ಹಾಕಿದ್ದಾರೆ. ಪೆನ್ಸಿಲ್‌ನಲ್ಲಿ ಹೊರಗೆರೆ ಮಾತ್ರ ಬಿಡಿಸಿಕೊಂಡು, ಪೈಲಟ್ ಎಲ್ಲಿ ಕೂತಿದ್ದಾನೆ ಅಂತ ನೋಡುತ್ತೇನೆ.

ಇದನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಎರಡು ವಿಮಾನಗಳಲ್ಲೇ ಕಲಿಯಬಹುದು. 1951ರಲ್ಲಿ ಹಾರಿದ ಎಚ್‌ಟಿ-2 ಕಲಿಸಲು ಹುಟ್ಟಿದ್ದು. ಗುರು, ಶಿಷ್ಯ ಇಬ್ಬರೂ ಒಬ್ಬರ ಹಿಂದೆ ಒಬ್ಬರು, ಒಂದೇ ಉದ್ದನೆಯ ಗಾಜಿನ ಕೆಳಗೆ. ಬಸಂತ್ ಹೊಲದ ಕೆಲಸಕ್ಕೇ ಹುಟ್ಟಿದ್ದು. ಅದರ ಮೊದಲ ಮಾದರಿಯಲ್ಲಿ ಪೈಲಟ್ ರೆಕ್ಕೆಯ ಮುಂದಂಚಿನ ಮೇಲೇ ಕೂರುತ್ತಿದ್ದ. ಅದು ಸರಿಹೋಗಲಿಲ್ಲ. 1972ರಲ್ಲಿ ಹಾರಿದ ಎರಡನೇ ಮಾದರಿಯಲ್ಲಿ ನೆಲ ಚೆನ್ನಾಗಿ ಕಾಣಲಿ ಅಂತ ಸೀಟನ್ನು ಎತ್ತರಿಸಿದರು. ಒಂದೇ ಸೀಟು, ಗೂನು ಬೆನ್ನಿನ ಹಾಗೆ ಎದ್ದು ನಿಂತ ಕಾಕ್‌ಪಿಟ್. ತಯಾರಾಗಿದ್ದು 39 ಮಾತ್ರ. ಅದರ ಒಳ್ಳೆಯ ಫೋಟೊ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಬಿಸಾಡಬೇಡಿ.

ನನ್ನ ಫೋಟೊದ ಹಿಂಬದಿಯಲ್ಲಿದ್ದ 'ಸ್ಟಿಯರ್‌ಮನ್' ಅಳಿಸಿ 'ಟೈಗರ್ ಮಾತ್, ನ್ಯೂಜಿಲೆಂಡ್, ಗೊಬ್ಬರದ ಕೆಲಸ' ಅಂತ ಬರೆದೆ. ಝಡ್‌ಕೆ ನಂತರದ ಮೂರು ಅಕ್ಷರ ಓದಲಾಗುತ್ತಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.