ಶಾಲೆಯ ಜಮೀನಿಗೆ ಗೇಣಿ ನಿಗದಿ ಮಾಡಿದ್ದು: ನನ್ನ ಅನುಭವ

ಕಡತದ ಮೊದಲ ಹಾಳೆಯಲ್ಲಿ ಅಳತೆ ಇತ್ತು: 86 ಎಕರೆ, 2 ರೂಡ್, 16 ಪರ್ಚ್. ಜೊತೆಯವರು ಕ್ಯಾಲ್ಕುಲೇಟರ್ ತೆಗೆದರು. ನನಗೆ ಬೇಕಾಗಲಿಲ್ಲ. ಒಂದು ರೂಡ್ ಅಂದರೆ 10 ಗುಂಟೆ, 4 ಪರ್ಚ್ ಸೇರಿದರೆ ಒಂದು ಗುಂಟೆ. ಅಲ್ಲಿಗೆ 86 ಎಕರೆ 24 ಗುಂಟೆ. ಹಾಸನದ ಕಡೆಯ ನಮ್ಮೂರಲ್ಲಿ ಅಪ್ಪನ ಪಕ್ಕ ಕೂತು ಪಹಣಿ ಓದಿದ್ದು ನ್ಯೂಜಿಲೆಂಡಿನಲ್ಲಿ ಹೀಗೆ ಕೈಗೆ ಬಂತು.

ಜಮೀನಿಗೆ ಬೆಲೆ ಕಟ್ಟುವುದು ನನ್ನ ಕೆಲಸ. 2008ರಲ್ಲಿ ಒಂದು ಸಣ್ಣ ಟ್ರಸ್ಟ್ ನನ್ನನ್ನು ಕರೆಯಿತು. ದಕ್ಷಿಣ ದ್ವೀಪದಲ್ಲಿ, ಓಮರೂ ಊರಿನಿಂದ ಒಳನಾಡಿನ ಕಡೆ, ಅವರದೊಂದು ಜಮೀನಿದೆ. ವಸಾಹತು ಕಾಲದಲ್ಲಿ ಶಾಲೆಯ ಖರ್ಚಿಗೆಂದು ಬಿಟ್ಟ ಜಮೀನು ಅದು. ಅದರ ಗೇಣಿಯಿಂದ ಇವತ್ತಿಗೂ ಮಕ್ಕಳ ಫೀಸು, ಪುಸ್ತಕಕ್ಕೆ ಹಣ ಹೋಗುತ್ತದೆ. ಗೇಣಿಯನ್ನು ಹೊಸದಾಗಿ ನಿಗದಿ ಮಾಡುವ ವರ್ಷ ಅದು. 21 ವರ್ಷಕ್ಕೊಮ್ಮೆ ಬರುವ ವರ್ಷ.

ಈ ಪದ್ಧತಿ ಹೇಗೆ ಬಂತು ಅಂತ ಸ್ವಲ್ಪ ಹೇಳಬೇಕು. ಆಗ ಇಲ್ಲಿನ ಪ್ರಾಂತ್ಯಗಳ ಹತ್ತಿರ ನೆಲ ಬೇಕಾದಷ್ಟಿತ್ತು, ಕಾಸು ಇರಲಿಲ್ಲ. ಅದಕ್ಕೇ ಶಾಲೆಗೆ ಹಣದ ಬದಲು ಜಮೀನು ಕೊಟ್ಟರು. 1869ರಲ್ಲಿ ಶುರುವಾದ ಒಟಾಗೊ ವಿಶ್ವವಿದ್ಯಾಲಯಕ್ಕೆ ಹೀಗೆ ಸಿಕ್ಕಿದ್ದು 1 ಲಕ್ಷ ಎಕರೆ ಹುಲ್ಲುಗಾವಲು. 1876ರಲ್ಲಿ ಪ್ರಾಂತ್ಯಗಳನ್ನೇ ರದ್ದು ಮಾಡಿದರು. ಮರುವರ್ಷ, 1877ರಲ್ಲಿ, ಎರಡು ಕಾಯ್ದೆ ಬಂದವು. ಒಂದು ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿತು. ಇನ್ನೊಂದು ಶಾಲೆಯ ಜಮೀನುಗಳನ್ನು ನೋಡಿಕೊಳ್ಳಲು ಸ್ಕೂಲ್ ಕಮಿಷನರ್‌ಗಳನ್ನು ನೇಮಿಸಿತು. ಮೊದಲನೆಯದನ್ನು ಇಲ್ಲಿ ಎಲ್ಲರೂ ಬಲ್ಲರು. ಎರಡನೆಯದು ನಮ್ಮಂಥವರಿಗೆ ಮಾತ್ರ ನೆನಪಿದೆ. ಆದರೆ ಹಣ ಹುಟ್ಟಿಸುವ ಕಷ್ಟದ ಕೆಲಸ ಬಿದ್ದದ್ದು ಈ ಕಮಿಷನರ್‌ಗಳ ಮೇಲೆ.

ಕೆನಡಾದ ಬಯಲು ಸೀಮೆಯಲ್ಲೂ ಶಾಲೆಗೆ ಜಮೀನು ಬಿಟ್ಟಿದ್ದರು. ಟೌನ್‌ಶಿಪ್ ಅಂದರೆ ಅಲ್ಲಿ ಅಳೆದು ಗುರುತಿಸಿದ ದೊಡ್ಡ ಚೌಕದ ನೆಲ. ಅದರ 36 ತುಂಡುಗಳಲ್ಲಿ 11 ಮತ್ತು 29ನೇ ತುಂಡು ಶಾಲೆಯ ಪಾಲು. ಅವನ್ನು ಹರಾಜಿಗಿಟ್ಟು, ಬಂದ ದುಡ್ಡನ್ನು ಬಡ್ಡಿಗೆ ಹಾಕಿದರು. ಇಲ್ಲಿನ ದಾರಿ ಹೆಚ್ಚಾಗಿ ಗುತ್ತಿಗೆಯದು. ನನಗೆ ಗುತ್ತಿಗೆಯೇ ಸರಿ ಅನ್ನಿಸುತ್ತದೆ. ನೆಲ ಉಳಿಯುತ್ತದೆ. ಆದರೆ ಗುತ್ತಿಗೆಯನ್ನು ಕಾಯಬೇಕು. ಕಾಯದಿದ್ದರೆ ನೆಲ ಇದ್ದೂ ಇಲ್ಲದ ಹಾಗೆ.

ಕಾಯದಿದ್ದರೆ ಏನಾಗುತ್ತದೆ ಅನ್ನುವುದು ಆ ಕಡತದಲ್ಲೇ ಇತ್ತು. 1966ರಲ್ಲಿ ನಿಗದಿ ಮಾಡಿದ ಗೇಣಿ 1987ರವರೆಗೂ ಅಷ್ಟೇ. ನಡುವೆ, 1967ರಲ್ಲಿ, ಪೌಂಡ್ ಹೋಗಿ ಡಾಲರ್ ಬಂತು. 1970, 80ರ ದಶಕದಲ್ಲಿ ಬೆಲೆ ಏರಿಕೆ ಎಷ್ಟೋ ವರ್ಷ ಶೇ 10 ದಾಟಿತು. ವರ್ಷಕ್ಕೆ ಶೇ 10ರಂತೆ ಏರಿದರೆ 21 ವರ್ಷದಲ್ಲಿ ಎಲ್ಲದರ ಬೆಲೆ ಏಳು ಪಟ್ಟು ದಾಟುತ್ತದೆ. ಗೇಣಿ ಮಾತ್ರ ನಿಂತಲ್ಲೇ ನಿಂತಿತ್ತು. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಆದರೂ ಮಕ್ಕಳ ಪಾಲಿನ ಹಣ ವರ್ಷ ವರ್ಷ ಕರಗಿತು. ಆ ಲೆಕ್ಕದ ಪುಸ್ತಕ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಹಾಗಾದರೆ 21 ವರ್ಷ ಯಾಕೆ ಇಟ್ಟರು? ಗುತ್ತಿಗೆದಾರನ ಕಡೆಯಿಂದ ನೋಡಿ. ಬೇಲಿ, ಮನೆ, ಕೊಟ್ಟಿಗೆ ಎಲ್ಲಾ ಅವನದೇ ದುಡ್ಡು. ನಾಲ್ಕು ವರ್ಷದಲ್ಲಿ ಬಿಡಿಸುವ ಹಾಗಿದ್ದರೆ ಯಾರು ಬೇಲಿ ಹಾಕುತ್ತಾರೆ? ಕೊನೆಯ ವರ್ಷಗಳಲ್ಲಂತೂ ಹೊಲಕ್ಕೆ ಗೊಬ್ಬರವನ್ನೂ ಹಾಕುವುದಿಲ್ಲ, ಅಲ್ವಾ? ಅದಕ್ಕೇ ಈ ಒಪ್ಪಂದ. ಅವಧಿ ಮುಗಿದಾಗೆಲ್ಲ ಮತ್ತೆ 21 ವರ್ಷಕ್ಕೆ ಬರೆಸಿಕೊಳ್ಳುವ ಹಕ್ಕು ಗುತ್ತಿಗೆದಾರನದು. ನೆಲ ಎಂದೆಂದಿಗೂ ಟ್ರಸ್ಟಿನದು. ನಮ್ಮಲ್ಲಿ 1974ರ ಭೂಸುಧಾರಣೆಯಲ್ಲಿ ಗೇಣಿದಾರನೇ ಒಡೆಯನಾದ. ಇಲ್ಲಿ ಅವನು ಒಡೆಯನೂ ಆಗುವುದಿಲ್ಲ, ಹೊರಗೂ ಬೀಳುವುದಿಲ್ಲ. ಇದು ನನ್ನ ತಲೆಗೆ ಹತ್ತಲು ಸುಮಾರು ದಿನ ಬೇಕಾಯಿತು.

ಮೊದಲು ನಾನು ಮಾಡಿದ್ದು ಗುತ್ತಿಗೆ ಪತ್ರವನ್ನು ಮೂರು ಸಲ ಓದಿದ್ದು. ಅದರಲ್ಲಿ ಒಂದು ಸಾಲಿನ ಮೇಲೆ ಎಲ್ಲಾ ನಿಂತಿದೆ. ಗುತ್ತಿಗೆದಾರ ಮಾಡಿದ ಸುಧಾರಣೆಗಳನ್ನು ಬಿಟ್ಟು, ಬರೀ ನೆಲಕ್ಕೆ ಬೆಲೆ ಕಟ್ಟಬೇಕು. ಆ ಬೆಲೆಯ ಮೇಲೆ ಇಷ್ಟು ಶೇಕಡಾ ಅಂತ ಗೇಣಿ. ಆಮೇಲೆ ಹಳೆಯ ನಕ್ಷೆ ಹಿಡಿದು ಗಡಿ ಸುತ್ತಿದೆ. ಎರಡು ದಿನ ಹಿಡಿಯಿತು. ಕೆಳಗಡೆ ಒಂದು ತೊರೆ ಪಾತ್ರ ಬದಲಿಸಿತ್ತು. ಅದರಾಚೆ ಉಳಿದ ಮೂಲೆಯಲ್ಲಿ ಪಕ್ಕದವರ ಕುರಿ ಮೇಯುತ್ತಿದ್ದವು. ಒತ್ತುವರಿ ಅಂತ ಕೂಗಾಡುವಂಥದ್ದಲ್ಲ. ಮೂವತ್ತು ವರ್ಷದಿಂದ ಯಾರೂ ಅಲ್ಲಿಗೆ ನಡೆದೇ ಹೋಗಿರಲಿಲ್ಲ, ಅಷ್ಟೇ. ಒಂದು ಕಾಗದ ಬರೆದು, ಬೇಲಿ ಸರಿಸಿ ಮುಗಿಸಿದೆವು.

ತಪ್ಪಿದ್ದು ಬೆಲೆ ಕಟ್ಟುವಾಗ. ಆ ವರ್ಷಗಳಲ್ಲಿ ಹಾಲಿನ ಹಸುಗಳ ಭರಾಟೆ. ನೀರಾವರಿ ಇರುವ ಜಮೀನಿನ ಬೆಲೆ ಜಾಸ್ತಿಯಾಗಿತ್ತು. ಹತ್ತಿರದ ಎರಡು ಮಾರಾಟಗಳನ್ನು ನೋಡಿ ನಾನು ಎಕರೆಯ ಬೆಲೆ ಹಿಡಿದೆ. ಕರಡನ್ನು ಗುತ್ತಿಗೆದಾರರ ಮನೆಗೇ ಒಯ್ದೆ. ಅಡುಗೆಮನೆಯ ಮೇಜಿನ ಮೇಲೆ ಅವರು ನಿಧಾನವಾಗಿ ಓದಿದರು. ಕೊನೆಗೆ ಕಿಟಕಿಯಾಚೆ ತೋರಿಸಿದರು. ಅಲ್ಲೊಂದು ಕೆರೆ. ಅವರ ತಂದೆ ತೋಡಿಸಿದ್ದು. ಕೊಳವೆ ಎಳೆದದ್ದು ಅವರೇ. ನೀರೆತ್ತುವ ಪರವಾನಗಿಯೂ ಅವರ ಹೆಸರಲ್ಲೇ ಇತ್ತು. ನಾನು ಹಸಿರು ಹೊಲಕ್ಕೆ ಬೆಲೆ ಕಟ್ಟಿದ್ದೆ. ಟ್ರಸ್ಟಿನ ನೆಲ ಒಣ ನೆಲ. ಅವರು ದನಿ ಏರಿಸಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ವಾಪಸ್ ಬಂದು ಒಣ ಜಮೀನಿನ ಮಾರಾಟಗಳನ್ನು ಹುಡುಕಿ, ಲೆಕ್ಕವನ್ನು ಮೊದಲಿಂದ ಮಾಡಿದೆ. ಅವತ್ತಿಂದ ಕರಡನ್ನು ಅಂಚೆಯಲ್ಲಿ ಕಳಿಸುವುದು ಬಿಟ್ಟಿದ್ದೇನೆ. ಕೈಯಲ್ಲೇ ಕೊಡುತ್ತೇನೆ, ಓದುವವರೆಗೂ ಕೂರುತ್ತೇನೆ.

ಸರಿ ಮಾಡಿದ ಲೆಕ್ಕದಲ್ಲೂ ಗೇಣಿ ಒಂದೇ ಸಲಕ್ಕೆ ಕೆಲವು ಪಟ್ಟು ಏರುತ್ತಿತ್ತು. ಹಾಗೇ ಹೇರಿದರೆ ಆ ಮನೆ ಮುರಿಯುತ್ತದೆ. ಸುಮ್ನೆ ಬಿಟ್ಟುಕೊಡಲು ಟ್ರಸ್ಟಿಗೆ ಹಕ್ಕಿಲ್ಲ, ಹಣ ಮಕ್ಕಳದು. ಪಂಚಾಯ್ತಿಗೆ ಹೋಗಬಹುದಿತ್ತು. ಎರಡೂ ಕಡೆಗೆ ಒಬ್ಬೊಬ್ಬ ಬೆಲೆಗಾರ, ಮೇಲೊಬ್ಬ ತೀರ್ಪುಗಾರ. ಅದರ ಖರ್ಚೇ ಒಂದು ವರ್ಷದ ಗೇಣಿ ನುಂಗುತ್ತದೆ. ನಾನು ಬೇರೆ ದಾರಿ ಮುಂದಿಟ್ಟೆ. ಶುರುವಿನ ಗೇಣಿ ಸ್ವಲ್ಪ ಕಡಿಮೆ ಇರಲಿ, ಬದಲಿಗೆ ಪರಿಶೀಲನೆ 21ರ ಬದಲು 7 ವರ್ಷಕ್ಕೊಮ್ಮೆ ಆಗಲಿ. ಗುತ್ತಿಗೆಯ ಅವಧಿ ಹಾಗೇ ಇರಲಿ. ಎರಡು ತಿಂಗಳ ಮಾತುಕತೆಯ ನಂತರ ಇಬ್ಬರೂ ಒಪ್ಪಿದರು.

ಇನ್ನೊಂದು ವಿಷಯ ನನ್ನನ್ನು ಆ ಕೆಲಸದುದ್ದಕ್ಕೂ ಕಾಡಿತು. ಆ ಸೀಮೆಯೆಲ್ಲಾ ಇಲ್ಲಿನ ಮೂಲನಿವಾಸಿ ಮಾವೊರಿಗಳ ಒಂದು ಪಂಗಡವಾದ ನಾಯ್ ತಾಹು ಜನರದಾಗಿತ್ತು. 1848ರಲ್ಲಿ ಕೆಂಪ್ ಪತ್ರ ಅನ್ನುವ ಕ್ರಯಪತ್ರದಲ್ಲಿ 1.3 ಕೋಟಿ ಎಕರೆಗೂ ಜಾಸ್ತಿ ನೆಲವನ್ನು ಸರ್ಕಾರ ಬರೀ 2,000 ಪೌಂಡಿಗೆ ಕೊಂಡಿತು. ಆ ಜನಕ್ಕೆ ಶಾಲೆ, ಆಸ್ಪತ್ರೆ ಕಟ್ಟಿಸಿಕೊಡುತ್ತೇವೆ ಅಂತ ಬಾಯಿಮಾತಿನ ಭರವಸೆಯೂ ಕೊಟ್ಟಿತ್ತು. ಅದು ನಡೆಯಲಿಲ್ಲ. 1998ರಲ್ಲಿ ಸರ್ಕಾರ ನಾಯ್ ತಾಹು ಜನರ ಕ್ಷಮೆ ಕೇಳಿತು. ಅದೇ ನೆಲದ ತುಂಡನ್ನು ಬೇರೆಯವರ ಮಕ್ಕಳ ಶಾಲೆಗೆ ಬಿಟ್ಟು, ಅದರ ಗೇಣಿ ನಿಗದಿ ಮಾಡಲು ನಾನು ಕೂತಿದ್ದೆ. ಬರೀ ನೆಲ ಅಂತ ಬರೆಯುವಾಗ ಪೆನ್ನು ನಿಂತಿತು. ವರದಿಯ ಮೊದಲ ಪುಟದಲ್ಲಿ ಈ ನೆಲ ಯಾರಿಂದ, ಯಾವಾಗ, ಎಷ್ಟಕ್ಕೆ ಬಂತು ಅಂತ ಬರೆದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಯಾರೂ ತೆಗೆಸಲೂ ಇಲ್ಲ.

2015ರಲ್ಲಿ ಪರಿಶೀಲನೆ ಸಲೀಸಾಗಿ ಆಯಿತು. 2022ರ ಸಭೆಯಲ್ಲಿ ಹೊಸ ಟ್ರಸ್ಟಿಯೊಬ್ಬರು ಆ ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಈಗ ಗೇಣಿಯ ಒಂದು ಪಾಲು ನಾಯ್ ತಾಹು ಮಕ್ಕಳ ವಿದ್ಯಾರ್ಥಿವೇತನಕ್ಕೆ ಹೋಗುತ್ತದೆ. ಮೊದಲ ವರ್ಷ ಇಬ್ಬರಿಗೆ ಸಿಕ್ಕಿತು. ಮುಂದಿನ ಪರಿಶೀಲನೆ 2029ಕ್ಕೆ. ತೊರೆಯ ಆಚೆಯ ಮೂಲೆಗೆ ಈ ಸಲವೂ ನಡೆದೇ ಹೋಗಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.