ಜಗಳಗಂಟಿ ಮೀನುಗಳನ್ನು ಒಂದೇ ಟ್ಯಾಂಕಿನಲ್ಲಿ ಕೂಡಿಸಿದ್ದು: ನನ್ನ ಅನುಭವ

ಹುಬ್ಬಳ್ಳಿಯ ನಮ್ಮ ಮನೆಯ ಆರಡಿ ಉಪ್ಪುನೀರಿನ ಟ್ಯಾಂಕಿನಲ್ಲಿ ಲಯನ್‌ಫಿಶ್, ನೈಜರ್ ಟ್ರಿಗರ್, ಸ್ನೋಫ್ಲೇಕ್ ಈಲ್ (ಹಾವುಮೀನು), ಫಾಕ್ಸ್‌ಫೇಸ್, ಮೂನ್ ರಾಸ್ ಎಂಬ ಐದೂ ಮೀನುಗಳು ಕೂಡಿ ಬಾಳತೊಡಗಿ ಎರಡು ವರ್ಷವಾಗುತ್ತ ಬಂತು. ಆರು ತಿಂಗಳೂ ಉಳಿಯುವುದಿಲ್ಲ ಎಂದವರೇ ಹೆಚ್ಚು. ಮೊದಲ ಮೀನು ಕೊಟ್ಟ ಅಂಗಡಿಯವರೇ, "ಸರ್, ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ಜೋಡಿ ಕ್ಲೌನ್‌ಫಿಶ್ ಇಟ್ಟುಕೊಂಡು ಆರಾಮಾಗಿರಿ" ಎಂದಿದ್ದರು. ಈಗ ಅವರೇ ಗಿರಾಕಿಗಳನ್ನು ಟ್ಯಾಂಕು ನೋಡಲು ನಮ್ಮ ಮನೆಗೆ ಕಳಿಸುತ್ತಾರೆ.

ಮೊದಲ ಸುತ್ತಿನಲ್ಲಿ ಹೋದ ಹಣ ಹೇಳಿಬಿಡುತ್ತೇನೆ: ಮೀನಿಗೇ ಇಪ್ಪತ್ತು ಸಾವಿರದ ಆಸುಪಾಸು. ಆಗ ಟ್ಯಾಂಕಿನ ಒಡೆಯ ಪಿಕಾಸೋ ಟ್ರಿಗರ್. ಮೂರಿಂಚಿನದು, ಕೈಯಿಂದಲೇ ಸಿಗಡಿ ತಿನ್ನುತ್ತಿತ್ತು. ಅದಿದ್ದ ಟ್ಯಾಂಕಿಗೇ ಲಯನ್‌ಫಿಶ್ ಬಿಟ್ಟ ವಾರದೊಳಗೆ ಆಟ ಶುರುವಾಯಿತು. ಲಯನ್ ಒಂದೆಡೆ ತೂಗಾಡುತ್ತ ನಿಂತಾಗ ಪಿಕಾಸೋ ಕೆಳಗಿನಿಂದ ಬಂದು, ವಿಷದ ಮುಳ್ಳಿನ ತಂಟೆಗೆ ಹೋಗದೆ, ರೆಕ್ಕೆಯ ತುದಿಯ ಪೊರೆಯನ್ನಷ್ಟೇ ಚಿವುಟಿ ಹಿಂದೆ ಸರಿಯುತ್ತಿತ್ತು. ದಿನಕ್ಕೆ ಎರಡು ಮೂರು ಚೂರು. ರೆಕ್ಕೆ ಕಡ್ಡಿಗಳಾಯಿತು, ಲಯನ್ ಮೇವು ಬಿಟ್ಟಿತು, ಹೋಯಿತು. ಅದಕ್ಕೂ ಮೊದಲು ಡಾಮಿನೋ ಡ್ಯಾಮ್ಸೆಲ್ ಒಂದು, ನೂರಿನ್ನೂರು ರೂಪಾಯಿಯ ಮೀನು, ತನಗಿಂತ ಮೂರುಪಟ್ಟು ದೊಡ್ಡದನ್ನೆಲ್ಲ ಮೂಲೆಗೆ ಒತ್ತಿತ್ತು. ಅದನ್ನು ಹಿಡಿಯಲು ಕಲ್ಲು ಪೂರ್ತಿ ಹೊರಗೆ ತೆಗೆಯಬೇಕಾಯಿತು.

ಎರಡನೇ ಸುತ್ತಿಗೆ ಆಯ್ಕೆಯ ಕ್ರಮವನ್ನೇ ಬದಲಿಸಿದೆ. ಯಾವುದು ಎಷ್ಟು ಸಿಡುಕಿನದು ಎಂಬ ಪಟ್ಟಿ ಎಲ್ಲರ ಬಳಿಯೂ ಇದೆ. ನಾನು ಕೇಳಿಕೊಂಡದ್ದು ಬೇರೆ: ಇದು ಟ್ಯಾಂಕಿನ ಯಾವ ಭಾಗವನ್ನು ತನ್ನದೆನ್ನುತ್ತದೆ, ಬಾಯಿ ಎಂಥದು? ಈಲ್‌ಗೆ ಕಲ್ಲಿನ ಸಂದು ಸಾಕು, ಅದರ ಹಲ್ಲು ಮೊಂಡು, ಏಡಿ ಸಿಗಡಿ ಜಗಿಯಲು ಆದದ್ದು. ಲಯನ್‌ಗೆ ನೆರಳು ಬೇಕು, ಬಾಯಿಗೆ ಹಿಡಿಸುವುದನ್ನಷ್ಟೇ ನುಂಗುತ್ತದೆ. ಫಾಕ್ಸ್‌ಫೇಸ್ ಪಾಚಿ ತಿನ್ನುವ ಸಾಧು, ಆದರೆ ಬೆನ್ನ ಮೇಲೆ ವಿಷದ ಮುಳ್ಳಿರುವುದರಿಂದ ಯಾರೂ ಮುಟ್ಟುವುದಿಲ್ಲ. ಟ್ರಿಗರ್ ಬೇಕೇ ಬೇಕು ಎನ್ನುವವರಿಗೆ ನೈಜರ್. ಅದು ನಡುನೀರಿನಲ್ಲಿ ತೇಲಿಬರುವ ಮೇವು ಹಿಡಿಯುವ ಜಾತಿ, ತಳದಲ್ಲಿ ಗಡಿ ಹಾಕಿ ಕೂರುವುದು ಕಡಿಮೆ. ರಾತ್ರಿ ಒಂದು ತೂತಿನಲ್ಲಿ ನುಗ್ಗಿ, ಬೆನ್ನ ಮುಳ್ಳು ನಿಲ್ಲಿಸಿ ಬೀಗ ಹಾಕಿಕೊಂಡು, ಬಾಲ ಮಾತ್ರ ಹೊರಗೆ ಬಿಟ್ಟು ಮಲಗುತ್ತದೆ.

ಬಿಟ್ಟದ್ದೂ ಇದೇ ಸರದಿಯಲ್ಲಿ. ಎಲ್ಲಕ್ಕಿಂತ ಪುಂಡಾದ ಮೂನ್ ರಾಸ್ ಕಟ್ಟಕಡೆಗೆ, ಅದೂ ಐದಿಂಚಿನದನ್ನೇ ಹುಡುಕಿ ತಂದೆ. ಚಿಕ್ಕದಾಗಿದ್ದರೆ ಲಯನ್‌ನ ಊಟವಾಗುತ್ತಿತ್ತು. ಒಂದೊಂದರ ನಡುವೆ ತಿಂಗಳೊಪ್ಪತ್ತು ಕ್ವಾರಂಟೈನ್. ಈಲ್‌ಗೆ ತಾಮ್ರದ ಔಷಧಿ ಹಾಕಲೇಬೇಡಿ. ಹೊಸದನ್ನು ತೂತು ಕೊರೆದ ಅಕ್ರಿಲಿಕ್ ಡಬ್ಬಿಯಲ್ಲಿ ಟ್ಯಾಂಕಿನೊಳಗೇ ನಾಲ್ಕೈದು ದಿನ ಇಟ್ಟು, ಬಿಡುವ ರಾತ್ರಿ ಕಲ್ಲುಗಳ ಜಾಗ ಬದಲಿಸಿ, ಲೈಟ್ ಆರಿಸುತ್ತೇನೆ. ಬೆಳಿಗ್ಗೆ ಎದ್ದರೆ ಎಲ್ಲರಿಗೂ ಊರು ಹೊಸದು. ಗಾಜಿನ ಹೊರಗೆ ಕನ್ನಡಿ ಇಡುವ ಉಪಾಯವೂ ಇದೆ: ಹಳಬ ತನ್ನ ಬಿಂಬದೊಡನೆ ಕಾದಾಡುತ್ತಿರುವಾಗ ಹೊಸಬ ನೆಲೆ ಕಾಣುತ್ತದೆ. ಕನ್ನಡಿಯನ್ನು ಎಲ್ಲಿ, ಯಾವ ಹೊತ್ತಿಗೆ ಇಡುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹಿಡಿಯುವಾಗ ಬಲೆ ಬೇಡ, ಟ್ರಿಗರ್ ಮುಳ್ಳು ಸಿಕ್ಕಿಕೊಳ್ಳುತ್ತದೆ. ಲಯನ್‌ಗಂತೂ ಡಬ್ಬಿಯೇ ಸರಿ.

ಮೇವು ಹೊಟ್ಟೆತುಂಬ ಇದ್ದರೆ ಅರ್ಧ ಜಗಳ ಇರುವುದಿಲ್ಲ. ಕಾರವಾರದ ಕಡೆಯಿಂದ ಮಾರುಕಟ್ಟೆಗೆ ಬರುವ ಸಿಗಡಿ, ಬೊಂಡಾಸ (ಸ್ಕ್ವಿಡ್) ತಂದು ತುಂಡು ಮಾಡಿ ಫ್ರೀಜರಿನಲ್ಲಿಡುತ್ತೇನೆ. ತಿಂಗಳಿಗೆ ಸಾವಿರದೈನೂರು ಹಿಡಿಯಿರಿ. ಬರೀ ಸಿಗಡಿಯಾದರೆ ಥಯಮಿನ್ (ವಿಟಮಿನ್ ಬಿ1) ಕೊರತೆ ಬರುತ್ತದೆ, ವಿಟಮಿನ್‌ನಲ್ಲಿ ನೆನೆಸಲೇಬೇಕು. ನನ್ನ ಮಿಶ್ರಣದ ಅಳತೆ ಮಾತ್ರ ಕೇಳಬೇಡಿ. ಲಯನ್ ಮೊದಮೊದಲು ಜೀವಂತ ಮೇವನ್ನಷ್ಟೇ ನೋಡುತ್ತದೆ. ಅದಕ್ಕೆಂದು ಗಪ್ಪಿ ಹಾಕುತ್ತ ಕೂರಬೇಡಿ, ಸಿಹಿನೀರಿನ ಮೀನಿನಲ್ಲಿ ಅದಕ್ಕೆ ಬೇಕಾದ ಕೊಬ್ಬಿನಂಶ ಸಿಗುವುದಿಲ್ಲ. ಸಿಗಡಿಯನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಅದರ ಮುಂದೆ ಅಲುಗಾಡಿಸಿ. ಎರಡು ವಾರ ತಾಳ್ಮೆ ಬೇಕು.

ಮಧ್ಯೆ ಒಂದು ಪ್ರಯೋಗ. ಕಾರವಾರದಿಂದ ಕ್ಯಾನುಗಳಲ್ಲಿ ಸಮುದ್ರದ ನೀರು ತಂದು ನೋಡಿದೆ. ಅರಬೈಲ್ ಘಾಟಿ ಹತ್ತಿಸಿ ತರುವ ಡೀಸೆಲ್ ಖರ್ಚು ಕೂಡಿಸಿದರೆ ಆರ್‌ಒ ನೀರಿಗೆ ಉಪ್ಪು ಬೆರೆಸುವುದೇ ಅಗ್ಗ. ಮಳೆಗಾಲದ ಆ ನೀರಿನಲ್ಲಿ ಲವಣಾಂಶವೂ ಇಳಿದಿತ್ತು. ಇನ್ನೊಂದು ಪ್ರಯೋಗ ಫಲಿಸಿತು. ನೀರು ತಣ್ಣಗಿಡುವ ಚಿಲ್ಲರ್ ಯಂತ್ರಕ್ಕೆ ನಲವತ್ತು ಸಾವಿರ ಕೇಳಿದರು. ನಾನು ನೀರಿನ ಮೇಲೆ ನಾಲ್ಕು ಸಣ್ಣ ಫ್ಯಾನ್ ಕೂರಿಸಿದೆ, ಖರ್ಚು ಎರಡು ಸಾವಿರದೊಳಗೆ. ಏಪ್ರಿಲ್‌ನಲ್ಲಿ ನಮ್ಮ ಗಾಳಿ ಒಣಗಿರುವುದರಿಂದ ಮೂವತ್ತು ಡಿಗ್ರಿಗೆ ಏರುತ್ತಿದ್ದ ನೀರು ಇಪ್ಪತ್ತೇಳರಲ್ಲಿ ನಿಲ್ಲುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇಷ್ಟು ಇಳಿಯುವುದಿಲ್ಲ. ದಿನಕ್ಕೆ ಏಳೆಂಟು ಲೀಟರ್ ಆವಿಯಾಗುತ್ತದೆ, ಅಷ್ಟನ್ನೂ ಆರ್‌ಒ ನೀರಿನಿಂದಲೇ ತುಂಬಿಸಬೇಕು. ಮುಚ್ಚಳದ ಬದಲು ಸಣ್ಣ ಕಣ್ಣಿನ ಜಾಳಿಗೆ ಹಾಕಿ, ಪೈಪಿನ ಸಂದನ್ನೂ ಬಿಡಬೇಡಿ. ಈಲ್ ಬೆರಳು ತೂರುವ ಜಾಗದಲ್ಲೂ ತೂರಿ ನೆಲಕ್ಕೆ ಬೀಳುತ್ತದೆ.

ಹವಳ ಕೂರಿಸಿ ಎಂದು ನೋಡಲು ಬಂದವರು ಹೇಳುತ್ತಾರೆ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಆ ಮಾತೇ ಬೇಡ. ನನ್ನ ಟ್ಯಾಂಕಿನಲ್ಲಿರುವುದು ಜೀವಿಗಳಿಲ್ಲದ ಒಣ ಕಲ್ಲು, ಮೂರು ತಿಂಗಳು ನೀರಿನಲ್ಲಿ ಹದ ಮಾಡಿದ್ದು. ಧಾರವಾಡದ ಗೆಳೆಯರೊಬ್ಬರು ಆರನೆಯದಾಗಿ ಕ್ಲೌನ್ ಟ್ರಿಗರ್ ಬಿಡಿ ಎಂದು ಒತ್ತಾಯಿಸುತ್ತಿದ್ದಾರೆ. ಬಣ್ಣಕ್ಕೆ ಸೋಲದವರಿಲ್ಲ, ಒಪ್ಪುತ್ತೇನೆ. ಆದರೆ ದೊಡ್ಡದಾದ ಕ್ಲೌನ್ ಟ್ರಿಗರ್ ಉಳಿದವರನ್ನು ಸಹಿಸುವುದು ಅಪರೂಪ. ಅದು ಬೇಕೆಂದರೆ ಇಂಥದೇ ಇನ್ನೊಂದು ಟ್ಯಾಂಕು, ಅದಕ್ಕೊಂದೇ, ಕಟ್ಟಬೇಕು. ಗಾಜಿನ ದರ ವಿಚಾರಿಸಿದ್ದೇನೆ.