ಅಂತರರಾಷ್ಟ್ರೀಯ ಚೇಂಬರ್ ಸಂಗೀತ ಸ್ಪರ್ಧೆಗೆ ಧಾರವಾಡದ ತಂಡವೊಂದು ಸಿದ್ಧವಾಗುವ ಬಗೆ

ಚೇಂಬರ್ ಸಂಗೀತವೆಂದರೆ ಕೆಲವೇ ಜನರ ಚಿಕ್ಕ ತಂಡ ಕೂಡಿ ನುಡಿಸುವ ಸಂಗೀತ; ಅದರಲ್ಲಿ ನಿರ್ದೇಶಕರಿರುವುದಿಲ್ಲ. ಒಂದೊಂದು ಭಾಗವನ್ನು ಒಬ್ಬೊಬ್ಬರೇ ನುಡಿಸುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಸಿತಾರ, ವಯೋಲಿನ್, ತಬಲಾ ಕಲಿಯುತ್ತಿರುವ ಯುವಕ ಯುವತಿಯರು ತಂಡ ಕಟ್ಟುವ ಮುನ್ನ ಸ್ಪರ್ಧೆಗಳ ನಿಯಮಾವಳಿಯನ್ನು ಓದಿಕೊಳ್ಳಬೇಕು. ಕೆನಡಾದಲ್ಲಿ 1983ರಿಂದ ನಡೆದುಬಂದಿರುವ ಬ್ಯಾನ್ಫ್ ಸ್ಪರ್ಧೆ ಎರಡು ವಯೋಲಿನ್, ಒಂದು ವಿಯೋಲಾ, ಒಂದು ಚೆಲ್ಲೊ (ಇವೆರಡೂ ವಯೋಲಿನ್ನಿಗಿಂತ ದೊಡ್ಡ, ಕೆಳ ಶ್ರುತಿಯ ಕಮಾನು ವಾದ್ಯಗಳು) ಇರುವ ತಂಡಗಳಿಗೆ ಮೀಸಲು. ಜಪಾನಿನ ಒಸಾಕಾದ ಸ್ಪರ್ಧೆಯಲ್ಲಾದರೋ ‘ಫೆಸ್ಟಾ’ ಎಂಬ ವಿಭಾಗವಿದ್ದು, ಅಲ್ಲಿ ಎರಡರಿಂದ ಆರು ಜನರ ತಂಡ ಯಾವ ವಾದ್ಯವನ್ನಾದರೂ ನುಡಿಸಬಹುದು. ನಮ್ಮ ಭಾಗದ ತಂಡಗಳಿಗೆ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಜವಾದ ಕಷ್ಟ ರಿಯಾಜಿನಲ್ಲಿದೆ. ಸಿತಾರ ರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆನಿಂತು ಬೆಳೆಸಿದ ವಾದನ ಪರಂಪರೆಯೂ ಸೇರಿದಂತೆ ನಮ್ಮ ಕಛೇರಿಗಳಲ್ಲಿ ಸಾಮಾನ್ಯವಾಗಿ ಒಬ್ಬರು ಮುಖ್ಯ ಕಲಾವಿದರು, ಉಳಿದವರು ಸಾಥಿಗೆ ಕೂತವರು; ಇಲ್ಲಿ ಆ ರೂಢಿಯನ್ನು ಬಿಡಬೇಕಾಗುತ್ತದೆ. ಅದಕ್ಕಾಗಿ ವಾರಕ್ಕೆ ಎರಡು ದಿನವಾದರೂ ವಾದ್ಯಗಳನ್ನು ಬದಿಗಿಟ್ಟು, ಕೈಯಲ್ಲಿ ತಾಳ ಹಾಕುತ್ತ, ತನ್ನದಲ್ಲದ ಭಾಗವನ್ನು ಪ್ರತಿಯೊಬ್ಬರೂ ಹಾಡಬೇಕು. ತಬಲಾದವರೂ ಇದಕ್ಕೆ ಹೊರತಲ್ಲ.

ಆರಂಭದ ಸ್ವರಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. ಬೆರಳಿಗೆ ತೊಡುವ ತಂತಿಯ ಮಿಜರಾಬು ತಾಗಿದೊಡನೆ ಸಿತಾರದ ನಾದ ಹೊಮ್ಮುತ್ತದೆ, ಆದರೆ ವಯೋಲಿನ್ನಿನ ಕಮಾನು ತಂತಿಯನ್ನು ಹಿಡಿದು ನಾದ ತುಂಬಿಕೊಳ್ಳಲು ಕ್ಷಣಾರ್ಧ ಹಿಡಿಯುತ್ತದೆ. ಆದ್ದರಿಂದ ಕಣ್ಣಿನ ಸನ್ನೆಯಷ್ಟೇ ಸಾಲದು. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡು, ವಯೋಲಿನ್ನಿನವರು ಕೂದಲೆಳೆಯಷ್ಟು ಮುಂಚೆ ಕಮಾನು ಚಲಿಸಿದರೆ ಎರಡೂ ನಾದಗಳು ಒಂದಾಗಿ ಕೇಳುತ್ತವೆ. ನಾಲ್ಕೇ ಸ್ವರಗಳನ್ನು ಇಟ್ಟುಕೊಂಡು ಒಂದು ಗಂಟೆ ಇದನ್ನೇ ಮಾಡಿದರೂ ಅದು ವ್ಯರ್ಥವಲ್ಲ.

ಆಯ್ಕೆಗೆ ಕಳಿಸುವ ವಿಡಿಯೊವನ್ನು ಎಲ್ಲಿಯೂ ಕತ್ತರಿಸದೆ, ಒಂದೇ ಓಟದಲ್ಲಿ ಚಿತ್ರೀಕರಿಸುವುದು ಲೇಸು. ಎಲ್ಲರ ಮುಖ, ಕೈಗಳು ಕಾಣುತ್ತಿರಲಿ. ಧಾರವಾಡದ ಮಳೆಗಾಲದಲ್ಲಿ ತೇವಕ್ಕೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದರಿಂದ, ಅರ್ಧ ಗಂಟೆ ಮೊದಲೇ ವಾದ್ಯಗಳನ್ನು ಅದೇ ಕೋಣೆಯಲ್ಲಿಟ್ಟು, ಫ್ಯಾನು ಆರಿಸಿ, ಆಮೇಲೆ ಶ್ರುತಿ ಮಾಡಿಕೊಳ್ಳಬೇಕು.

ಆಯ್ಕೆಯಾದ ಮೇಲೆ ಪಾಸ್‌ಪೋರ್ಟ್, ವೀಸಾಗಳ ಜೊತೆಗೆ ಸಿತಾರದ ಕುದುರೆಯನ್ನೂ (ತಂತಿಗಳನ್ನು ಹೊತ್ತಿರುವ ಪಟ್ಟಿಯನ್ನು) ಪರೀಕ್ಷಿಸಿ. ಹಳೆಯ ಸಿತಾರಗಳಲ್ಲಿ ಅದು ಜಿಂಕೆಯ ಕೊಂಬಿನದಾಗಿರುವುದುಂಟು. ವನ್ಯಜೀವಿ ಕಾನೂನಿನ ತೊಡಕು ಬಾರದಂತೆ ಕೃತಕ ವಸ್ತುವಿನ ಕುದುರೆಯನ್ನು ಕೂಡಿಸಿ, ಅದಕ್ಕೆ ಜವಾರಿ ಮಾಡಿಸಿ (ನಾದ ಸರಿಹೊಂದುವಂತೆ ಅದರ ಮೇಲ್ಮೈಯನ್ನು ಉಜ್ಜಿಸಿ), ಹೊಸ ನಾದಕ್ಕೆ ತಂಡದ ಕಿವಿ ಒಗ್ಗಲು ಕೆಲವು ವಾರಗಳನ್ನು ಉಳಿಸಿಕೊಳ್ಳಿ.